ಕೃತಿಕಾರರ ಸ್ವಕಥನ: ಮಲಪ್ರಭಾ ಸೀಮೆಯ ಪರಂಪರೆ

ಬರೆದವರು ತಾವೇ ಬರೆದುದರ ಬಗ್ಗೆ, ಬಣ್ಣ ಹಚ್ಚಿದವರು ತಾವೇ ರಂಗದ ಬಗ್ಗೆ, ಹಾಡಿದವರು ತಾವೇ ಹಾಡಿಕೆಯ ಬಗ್ಗೆ ಆಡಿದ ಮಾತು ಹಾಗೂ ಆ ಮಾತಿನಿಂದ ಹುಟ್ಟಿದ ಪುಸ್ತಕಗಳ ಚರಿತ್ರೆ ಈ ಲೇಖನದ ವಿಷಯ. ಇಲ್ಲಿ ಮುಖ್ಯವಾಗಿ ಗಮನಿಸಿರುವುದು ಸವದತ್ತಿ, ಯರಗಟ್ಟಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗವನ್ನು ಮತ್ತು ಅದಕ್ಕೆ ಹೊಂದಿಕೊಂಡಿರುವ ಗೋಕಾಕ, ಧಾರವಾಡಗಳನ್ನು. ಈ ಸೀಮೆಯಲ್ಲಿ ಕೃತಿಕಾರರ ಮಾತು ಮೊದಲು ಬಾಯಲ್ಲಿ ಹುಟ್ಟಿ, ಎಷ್ಟೋ ಸಲ ಇನ್ನೊಬ್ಬರ ಕೈಯಿಂದ ಕಾಗದಕ್ಕೆ ಇಳಿದಿದೆ. ‘ನಿರೂಪಣೆ’ ಎಂಬ ಹೆಸರಿನಿಂದ ಬರುವ ಈ ಬಗೆಯ ಆತ್ಮಕಥೆ ಇಲ್ಲಿನ ರಂಗಭೂಮಿ ಮತ್ತು ಸಂಗೀತಲೋಕದ ಚರಿತ್ರೆಗೆ ದೊಡ್ಡ ಆಧಾರ.

ಹಳಗನ್ನಡದ ಕವಿಗಳು ತಮ್ಮ ಬಗ್ಗೆ ಹೇಳಿಕೊಳ್ಳಲು ಬೇರೆ ಪುಸ್ತಕ ಬರೆಯುತ್ತಿರಲಿಲ್ಲ. ಅದನ್ನು ಕಾವ್ಯದೊಳಗೇ ಹೇಳುತ್ತಿದ್ದರು. ಪಂಪ ತನ್ನ ವಂಶ, ಊರು, ಆಶ್ರಯದಾತ ಅರಿಕೇಸರಿಯ ವಿಚಾರವನ್ನಷ್ಟೇ ಅಲ್ಲ, ತನ್ನ ಎರಡು ಕಾವ್ಯಗಳನ್ನು ಎಷ್ಟು ತಿಂಗಳಲ್ಲಿ ಮುಗಿಸಿದೆನೆಂಬುದನ್ನೂ ದಾಖಲಿಸಿದ್ದಾನೆ. ಹೊಸ ಕೃತಿಯ ಬಗ್ಗೆ ಕೃತಿಕಾರನೇ ಆಡಿದ ಮಾತಿಗೆ ಕನ್ನಡದಲ್ಲಿ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ಉದಾಹರಣೆ ವಿರಳ. ಸವದತ್ತಿಯಿಂದ ಆಳಿ, ಮುಂದೆ ವೇಣುಗ್ರಾಮವೆನಿಸಿದ್ದ ಬೆಳಗಾವಿಗೆ ರಾಜಧಾನಿ ಬದಲಿಸಿದ ರಟ್ಟರ ಕಾಲದಲ್ಲೂ ಈ ರೂಢಿ ನಡೆದುಬಂತು. ನಾಲ್ಕನೆಯ ಕಾರ್ತವೀರ್ಯನ ಆಸ್ಥಾನದಲ್ಲಿದ್ದ ಪಾರ್ಶ್ವಪಂಡಿತ 13ನೆಯ ಶತಮಾನದ ಆರಂಭದ ಕವಿ. ಆತನ ಚಂಪೂ ಕೃತಿ ‘ಪಾರ್ಶ್ವನಾಥ ಪುರಾಣ’. ಸವದತ್ತಿಗೆ ಹೋದವರು ಎಲ್ಲಮ್ಮನ ಗುಡ್ಡ ಹತ್ತಿ ಇಳಿದು ಬರುತ್ತಾರೆ. ಈ ಊರಿನ ದೊರೆಗಳ ಆಶ್ರಯದಲ್ಲಿ ಹೀಗೊಬ್ಬ ಕವಿ ಇದ್ದ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ.

ಸಣ್ಣಾಟ, ಪಾರಿಜಾತಗಳ ಲೋಕದಲ್ಲಿ ಕರ್ತೃವಿನ ಮಾತು ಅಂಕಿತಕ್ಕೆ ಸೀಮಿತವಾಯಿತು. ಹಾಡಿನ ಕೊನೆಯ ನುಡಿಯಲ್ಲಿ ಊರ ದೇವರ ಹೆಸರು, ಗುರುವಿನ ಹೆಸರು, ಕೆಲವೊಮ್ಮೆ ಕವಿಯ ಹೆಸರು ಬರುತ್ತದೆ. ಅದರಾಚೆಗೆ ಬರೆದವನ ಬದುಕು ಸಿಗುವುದಿಲ್ಲ. ‘ಕೃಷ್ಣಪಾರಿಜಾತ’ಕ್ಕೆ ಅಪರಾಳ ತಮ್ಮಣ್ಣ, ಅದಕ್ಕೆ ರಂಗರೂಪ ಬೆಳೆಸಿದ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ, ಇಬ್ಬರ ಹೆಸರೂ ಉಳಿದಿವೆ. ಅವರು ಏಕೆ ಬರೆದರು, ಹೇಗೆ ಕಲಿಸಿದರು ಎಂಬುದನ್ನು ಆಟದಿಂದಲೇ ಊಹಿಸಬೇಕು. ಆ ಆಟದ ಆರಂಭದಲ್ಲಿ ಗೊಲ್ಲತಿಯೂ ಭಾಗವತನೂ ಮಾತಿಗೆ ಮಾತು ಬೆಳೆಸುವ ಭಾಗವನ್ನು ಇಲ್ಲಿ ಗಮನಿಸಬೇಕು. ಯಾವ ಊರಿನವಳು, ಏಕೆ ಬಂದೆ, ಏನು ಆಡುತ್ತೀ ಎಂದು ಭಾಗವತ ಕೆದಕುತ್ತಾನೆ. ಅವಳು ಬಿಡದೆ ಜವಾಬು ಕೊಡುತ್ತಾಳೆ. ಕಲಾವಿದರು ಪ್ರೇಕ್ಷಕರ ಮುಂದೆ ನಿಂತು ತಮ್ಮ ಆಟದ ಬಗ್ಗೆ ತಾವೇ ಮಾತಾಡುವ ಕ್ರಮ ಈ ಭಾಗದ ಜನರಿಗೆ ಪುಸ್ತಕ ಬಿಡುಗಡೆ ಸಮಾರಂಭಗಳಿಗಿಂತ ಬಹಳ ಮೊದಲೇ ಪರಿಚಿತವಾಗಿತ್ತು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಪಾರಿಜಾತಕ್ಕೆ ಹೆಸರು ತಂದದ್ದು ಈ ಸೀಮೆಯಲ್ಲೇ.

ಬೈಲಹೊಂಗಲದಲ್ಲಿ ನಡೆದ ಕೊಲೆಯ ಕಥೆಯನ್ನು ಆಡುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನಾಡೆಲ್ಲ ತಿರುಗಿತು. ಅದನ್ನು ಸಂಪಾದಿಸಿ ಓದುಗರ ಕೈಗೆ ಕೊಟ್ಟವರು ಚಂದ್ರಶೇಖರ ಕಂಬಾರ. ಆಡುವವರ ಬಾಯಿಯ ಪಠ್ಯವನ್ನು ಬರಹಕ್ಕೆ ಇಳಿಸುವ ಆ ಕೆಲಸ, ಮುಂದೆ ಕಲಾವಿದರ ಬದುಕನ್ನೇ ಬರಹಕ್ಕೆ ಇಳಿಸುವ ಕೆಲಸಕ್ಕೆ ದಾರಿ ಮಾಡಿತು ಎನ್ನಬಹುದು.

ಧಾರವಾಡದ ಕೊಡುಗೆ

1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಬರಹಗಾರರಿಗೆ ವೇದಿಕೆಯಾಯಿತು. 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಬರೆದದ್ದನ್ನು ಒಬ್ಬರಿಗೊಬ್ಬರು ಓದುವುದು, ಅದರ ಮೇಲೆ ಮಾತಾಡುವುದು, ಜಗಳಾಡುವುದು ನಿತ್ಯದ ಅಭ್ಯಾಸ. ಅಚ್ಚಾಗುವ ಮೊದಲೇ ಕವಿತೆಗೆ ಕೇಳುಗರಿದ್ದರು. ಬೇಂದ್ರೆಯವರಂತೂ ತಮ್ಮದೇ ಕವಿತೆಯನ್ನು ಬಿಡಿಸಿ ಹೇಳುತ್ತ ಗಂಟೆಗಟ್ಟಲೆ ಮಾತಾಡಬಲ್ಲವರು. ಅವರ ವ್ಯಾಖ್ಯಾನ ಕೇಳಿದವರಿಗೆ ಕವಿತೆಯೂ ವ್ಯಾಖ್ಯಾನವೂ ಒಂದೇ ಪ್ರವಾಹ ಎನಿಸುತ್ತಿತ್ತು. 1937ರ ‘ಸಖೀಗೀತ’ದಲ್ಲಿ ದಾಂಪತ್ಯದ ಸುಖದುಃಖವನ್ನೇ ಕಾವ್ಯ ಮಾಡಿ ಸ್ವಕಥನವನ್ನೂ ಕವಿತೆಯನ್ನೂ ಅವರು ಒಂದಾಗಿಸಿದರು.

ಈ ಗುಂಪಿನ ಇಬ್ಬರು ನಮ್ಮ ಸೀಮೆಯವರು. ಆನಂದಕಂದ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮ (1900–1982) ಗೋಕಾಕ ತಾಲ್ಲೂಕಿನ ಬೆಟಗೇರಿಯವರು. ಎರಡು ದಶಕಗಳಿಗೂ ಹೆಚ್ಚು ಕಾಲ ‘ಜಯಂತಿ’ ಮಾಸಪತ್ರಿಕೆ ನಡೆಸಿ, ಬರಹಗಾರರ ಮಾತು ಓದುಗರಿಗೆ ಮುಟ್ಟುವಂತೆ ಮಾಡಿದರು. ಶಂ.ಬಾ. ಜೋಶಿ (1896–1991) ಹುಟ್ಟಿದ್ದು ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ. ಶಾಲಾ ಮಾಸ್ತರಿಕೆ ಮಾಡುತ್ತ ಸ್ವಂತ ಓದಿನಿಂದ ಸಂಶೋಧಕರಾದವರು ಅವರು. ‘ಕಣ್ಮರೆಯಾದ ಕನ್ನಡ’, ‘ಎಡೆಗಳು ಹೇಳುವ ಕಂನಾಡ ಕಥೆ’ಗಳಲ್ಲಿ ಊರ ಹೆಸರು, ಹೊಲದ ಹೆಸರು, ಕುಲದ ಹೆಸರುಗಳ ಜಾಡು ಹಿಡಿದು ಕನ್ನಡದ ಹಳೆಯ ಮೇರೆಗಳನ್ನು ಹುಡುಕಿದರು. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1981ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರು ತಮ್ಮ ಬಗ್ಗೆ ಹೇಳಿಕೊಂಡಿದ್ದಕ್ಕಿಂತ ತಮ್ಮ ವಿಚಾರದ ಬಗ್ಗೆ ಹೇಳಿದ್ದೇ ಹೆಚ್ಚು. ಅಂಥ ಸ್ವಭಾವದ ಲೇಖಕರ ಸ್ವಕಥನವನ್ನು ಅವರ ಅರಿಕೆ, ಮುನ್ನುಡಿಗಳಲ್ಲಿ ಹುಡುಕಬೇಕಾಗುತ್ತದೆ.

1933ರಲ್ಲಿ ಜಿ.ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಇನ್ನೊಂದು ಮುಖ್ಯ ತಾಣ. ಲೇಖಕರು ಬಂದು ಕೂತು ಹಸ್ತಪ್ರತಿ ಓದುತ್ತಿದ್ದ, ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕೂತು ಕೇಳುತ್ತಿದ್ದ ಜಾಗ ಅದು. ಗ್ರಂಥಮಾಲೆಯ ಬೆಳ್ಳಿಹಬ್ಬದ ನೆನಪಿಗೆ ಬಂದ ‘ನಡೆದುಬಂದ ದಾರಿ’ ಸಂಪುಟಗಳಲ್ಲಿ ಕನ್ನಡ ಸಾಹಿತ್ಯ ತನ್ನ ಹೆಜ್ಜೆಗಳನ್ನು ತಾನೇ ಹಿಂದಿರುಗಿ ನೋಡಿತು. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ಹೊರಬಂದದ್ದೂ ಇದೇ ಅಟ್ಟದಿಂದ.

ಕಾದಂಬರಿಕಾರರ ಪೈಕಿ ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ (1919–1989) ಪತ್ರಕರ್ತರಾಗಿ, ಸ್ವಾತಂತ್ರ್ಯ ಹೋರಾಟಗಾರರಾಗಿ ಕಂಡದ್ದನ್ನು ಬರೆದವರು. 1980ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದಕ್ಕೂ ಮೊದಲು 1925 ಮತ್ತು 1929ರಲ್ಲಿ, ಆಮೇಲೆ 2003ರಲ್ಲಿ ಬೆಳಗಾವಿ ಸಮ್ಮೇಳನ ಕಂಡಿದೆ. ಆದರೆ ಜಿಲ್ಲೆಯ ಮಣ್ಣಿನ ಕಾದಂಬರಿಕಾರನೊಬ್ಬ ಜಿಲ್ಲೆಯ ಜನರೆದುರು ಆ ಪೀಠದಿಂದ ಮಾತಾಡಿದ 1980ರ ಸಮ್ಮೇಳನಕ್ಕೆ ಬೇರೆಯೇ ತೂಕ. ಅವರ ಆತ್ಮಕಥೆಯ ಹೆಸರು ‘ಕುಂದರನಾಡಿನ ಕಂದ’. ತನ್ನ ಪರಿಚಯವನ್ನು ಪ್ರಶಸ್ತಿಯಿಂದಾಗಲಿ ಪುಸ್ತಕದಿಂದಾಗಲಿ ಶುರುಮಾಡದೆ ನಾಡಿನ ಹೆಸರಿನಿಂದ ಶುರುಮಾಡಿದ ಲೇಖಕ ಅವರು. ಘೋಡಗೇರಿಯ ಕಂಬಾರರು ತಮ್ಮ ಹಳ್ಳಿಯನ್ನು ‘ಶಿವಾಪುರ’ವಾಗಿ ಮಾಡಿಕೊಂಡು ನಾಟಕ, ಕಾದಂಬರಿಗಳಲ್ಲಿ ಮತ್ತೆ ಮತ್ತೆ ಅದಕ್ಕೆ ಮರಳಿದರು. 2010ರ ಸಾಲಿನ ಜ್ಞಾನಪೀಠ ಪಡೆದ ಮೇಲೂ ಸಂದರ್ಶನಗಳಲ್ಲಿ ಅವರ ಮಾತು ಬಯಲಾಟ, ಲಾವಣಿ, ಊರ ದೇವರುಗಳ ಕಡೆಗೇ ತಿರುಗುತ್ತದೆ.

ಕಂಪನಿ ನಾಟಕದವರ ಮಾತು

ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪ ಈ ಪರಂಪರೆಯ ಬಹು ದೊಡ್ಡ ಹೆಸರು. ಹುಡುಗನಾಗಿದ್ದಾಗ ಬಾಲಪಾರ್ಟು, ಸ್ತ್ರೀಪಾರ್ಟುಗಳಿಂದ ರಂಗಕ್ಕೆ ಬಂದು, ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ, ನಟ, ಗಾಯಕ, ಮಾಲೀಕ ಮೂರೂ ಆದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಅವರ ಬಸವಣ್ಣನ ಪಾತ್ರವನ್ನು ನೋಡಿದ ಹಳೆಯ ತಲೆಮಾರಿನವರು ಬಸವಣ್ಣನೆಂದರೆ ಬಾಳಪ್ಪನ ಮುಖವನ್ನೇ ನೆನೆಯುತ್ತಿದ್ದರು. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದಿತು. ಪತ್ನಿ ಲಕ್ಷ್ಮೀಬಾಯಿ ಏಣಗಿ, ಮಗ ನಟರಾಜ ಏಣಗಿ ಇಬ್ಬರೂ ಕಲಾವಿದರು. 2017ರ ಆಗಸ್ಟ್ 18ರಂದು, 103ನೆಯ ವಯಸ್ಸಿನಲ್ಲಿ ಬಾಳಪ್ಪ ತೀರಿಕೊಂಡರು.

ಅವರ ಬದುಕಿನ ಕಥೆ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಪತ್ರಕರ್ತ ಗಣೇಶ ಅಮೀನಗಡ ಅವರ ನಿರೂಪಣೆಯಲ್ಲಿ ಪುಸ್ತಕವಾಯಿತು. ಕಂಪನಿ ಕಲಾವಿದರಲ್ಲಿ ಬಹಳಷ್ಟು ಜನರಿಗೆ ಶಾಲೆಯ ಓದು ಕಡಿಮೆ, ನೆನಪು ಅಗಾಧ. ನೂರಾರು ಹಾಡು, ಪುಟಗಟ್ಟಲೆ ಸಂಭಾಷಣೆ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರಿಗೆ ಬರೆಯಲು ಕೂರುವುದಕ್ಕಿಂತ ಹೇಳುವುದು ಸಹಜ. ಹೇಳುವಾಗ ಅವರು ಇಸವಿ ಹಿಡಿದು ಹೇಳುವುದು ಕಡಿಮೆ. ಯಾವ ಊರಿನ ಕ್ಯಾಂಪು, ಯಾವ ಜಾತ್ರೆ, ಯಾವ ಬರಗಾಲ, ಆ ಸಲ ಹಾರ್ಮೋನಿಯಂ ಕಾಲುಪೆಟ್ಟಿಗೆಗೆ ಯಾರು ಕೂತಿದ್ದರು ಎಂಬುದೇ ಅವರ ಕಾಲಗಣನೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುವ ಸೀಮೆಯಲ್ಲಿ ಅದು ಸುಳ್ಳಾಗದ ಲೆಕ್ಕ. ನಿರೂಪಕರು ಆ ಕ್ಯಾಂಪುಗಳನ್ನು ಇಸವಿಗೆ ಹೊಂದಿಸಬೇಕು, ಮೂರು ಸಲ ಮೂರು ರೀತಿ ಬಂದ ಪ್ರಸಂಗದಲ್ಲಿ ಒಂದನ್ನು ಆರಿಸಬೇಕು, ‘ಏನ್ ಹೇಳೂದ್ರಿ’ ಎಂಬ ಮಾತಿನ ಲಯವನ್ನು ಪುಸ್ತಕದ ಕನ್ನಡಕ್ಕೆ ಎಷ್ಟು ತಿರುಗಿಸಬೇಕೆಂದು ನಿರ್ಧರಿಸಬೇಕು. ಜವಾರಿ ಮಾತನ್ನು ಪೂರ್ತಿ ತಿದ್ದಿ ನುಣುಪು ಮಾಡಿದ ಪುಸ್ತಕದಲ್ಲಿ ಘಟನೆಗಳೆಲ್ಲ ಇರುತ್ತವೆ, ಆದರೆ ಹೇಳಿದವರ ದನಿ ಹೋಗಿಬಿಡುತ್ತದೆ. ಈ ಪ್ರಕಾರದ ದೊಡ್ಡ ಕೊರತೆ ಇದೇ.

ನಿರೂಪಣೆ ಈ ಸೀಮೆಯೊಂದಕ್ಕೇ ಸೇರಿದ್ದಲ್ಲ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ ಕಂಪನಿ ಮಾಲೀಕರ ಆತ್ಮಕಥೆಗಳಲ್ಲಿ ಮೊದಲು ನೆನಪಿಗೆ ಬರುವಂಥದ್ದು. ಬಿ.ವಿ. ಕಾರಂತರು ಹೇಳಿದ್ದನ್ನು ವೈದೇಹಿ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯಾಗಿ ನಿರೂಪಿಸಿದರು, ಸ್ವತಃ ದೊಡ್ಡ ಕಥೆಗಾರ್ತಿಯಾದ ವೈದೇಹಿ ಕಾರಂತರ ಮಾತಿನ ಓಟವನ್ನು ಕೆಡಿಸದೆ ಉಳಿಸಿದ್ದರಿಂದಲೇ ಆ ಪುಸ್ತಕ ಈ ಪ್ರಕಾರಕ್ಕೆ ಮಾದರಿ.

ಸಂಗೀತಗಾರರಲ್ಲಿ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಗಾತ್ರದಲ್ಲಿ ಸಣ್ಣದು, ಬೆಲೆಯಲ್ಲಿ ದೊಡ್ಡದು. ನಾಟಕ ಕಂಪನಿಯ ಬಾಲನಟನಾಗಿ ಆರಂಭಿಸಿ, ನೀಲಕಂಠಬುವಾ ಅವರಲ್ಲಿ ಕಲಿತು, ಮಂಜಿಖಾನ್, ಬುರ್ಜಿಖಾನ್ ಅವರ ಬಳಿ ಜೈಪುರ ಘರಾಣೆಯ ವಿದ್ಯೆ ಪಡೆದ ಬದುಕು ಅದರಲ್ಲಿದೆ. ಮಗ ರಾಜಶೇಖರ ಮನ್ಸೂರ ಅದನ್ನು ಇಂಗ್ಲಿಷಿಗೆ ತಂದರು. ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಎನ್ಕೆ ಎಂದೇ ಹೆಸರಾದ ಎನ್.ಕೆ. ಕುಲಕರ್ಣಿಯವರ ಬರವಣಿಗೆಯಲ್ಲಿ ಬಂತು. ಕುಲಕರ್ಣಿಯವರು ಧಾರವಾಡ ಆಕಾಶವಾಣಿಯವರು. 1950ರಲ್ಲಿ ಆರಂಭವಾದ ಆ ನಿಲಯ ಕಲಾವಿದರನ್ನೂ ಲೇಖಕರನ್ನೂ ಮೈಕಿನ ಮುಂದೆ ಕೂರಿಸಿ ಮಾತಾಡಿಸುವ ಪದ್ಧತಿಯನ್ನು ಬೆಳೆಸಿತು. ಹೊಲಕ್ಕೆ ಹೋಗುವ ಮುಂಚೆ ರೇಡಿಯೋ ಹಚ್ಚುತ್ತಿದ್ದ ಹಳ್ಳಿಯವರಿಗೆ ಸಾಹಿತಿಗಳ ದನಿ ಪರಿಚಯವಾದದ್ದು ಹೀಗೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಮ್ಮ ರಚನೆಗಳನ್ನು ‘ಅನೂಪರಾಗವಿಲಾಸ’ (1965) ಎಂಬ ಗ್ರಂಥವಾಗಿ ತಂದರು; ಗಾಯಕನೊಬ್ಬ ತನ್ನ ಸೃಷ್ಟಿಯ ಬಗ್ಗೆ ತಾನೇ ಕೊಟ್ಟ ಲೆಕ್ಕ ಅದು.

ಈಚಿನ ದಶಕಗಳು

2013ರಲ್ಲಿ ಗಿರಡ್ಡಿ ಗೋವಿಂದರಾಜರ ಮುಂದಾಳುತನದಲ್ಲಿ ಆರಂಭವಾದ ಧಾರವಾಡ ಸಾಹಿತ್ಯ ಸಂಭ್ರಮ ಲೇಖಕರನ್ನೂ ಓದುಗರನ್ನೂ ಎದುರುಬದುರು ಕೂರಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲ್ಲೂಕು ಸಮ್ಮೇಳನಗಳಲ್ಲಿ ಸರ್ವಾಧ್ಯಕ್ಷರೊಂದಿಗೆ ಸಂವಾದ ನಡೆಯುವುದುಂಟು. ಕಿತ್ತೂರು ಉತ್ಸವದ ಕವಿಗೋಷ್ಠಿಯಲ್ಲಿ ಹೊಸಬರಿಗೂ ಅವಕಾಶ ಸಿಗುತ್ತದೆ. ಸವದತ್ತಿಯಿಂದ ಬೇರೆಯಾಗಿ ಹೊಸ ತಾಲ್ಲೂಕು ಕೇಂದ್ರವಾದ ಯರಗಟ್ಟಿಯಂಥ ಊರಿಗೆ ಇಂಥ ವೇದಿಕೆಗಳ ಬೆಲೆ ದೊಡ್ಡದು. ಬರೆಯುವ ಹುಡುಗರು ತಮ್ಮ ಮೊದಲ ಸಂಕಲನ ಹಿಡಿದು ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕಾದ ದೂರವನ್ನು ಇವು ಕಡಿಮೆ ಮಾಡುತ್ತವೆ. ಕೇಳುಗರು ಪುಸ್ತಕ ಓದಿಕೊಂಡು ಬಂದಲ್ಲಿ ಸಂವಾದ ಕಳೆಗಟ್ಟುತ್ತದೆ. ಓದದೆ ಬಂದಲ್ಲಿ ಅದು ಹಾರ, ಶಾಲು, ಅಭಿನಂದನೆಗಳಲ್ಲೇ ಮುಗಿದುಹೋಗುತ್ತದೆ.

ಎಲ್ಲಮ್ಮನ ಪರಂಪರೆಯ ಜೋಗತಿ ಕಲೆಯಿಂದಲೂ ಸ್ವಕಥನ ಬಂದಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯದು. ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಚೌಡಿಕೆ ಪದಗಳ ಮೂಲ ನೆಲೆಯಾದ ಸವದತ್ತಿ ಸೀಮೆಯ ಕಲಾವಿದರ ಪಾಲಿಗೆ ಆ ಪುಸ್ತಕ ತೆರೆದ ಬಾಗಿಲು.

ಸಣ್ಣಾಟದ ಮ್ಯಾಳದವರು, ಪಾರಿಜಾತದ ಹಿಮ್ಮೇಳದವರು, ಕಂಪನಿಗಳಲ್ಲಿ ದುಡಿದ ಸ್ತ್ರೀಪಾತ್ರದ ಕಲಾವಿದೆಯರು ಇವರ ಮಾತು ಮಾಲೀಕರ ಮತ್ತು ನಾಯಕನಟರ ಮಾತಿನಷ್ಟು ಪುಸ್ತಕಕ್ಕೆ ಬಂದಿಲ್ಲ. ಕಂಪನಿಯ ಚರಿತ್ರೆಯನ್ನು ಮಾಲೀಕರ ಕಣ್ಣಿನಿಂದ ಮಾತ್ರ ಓದಿದರೆ ಅದು ಅರ್ಧ ಚರಿತ್ರೆ. ಊರೂರುಗಳಲ್ಲಿರುವ ಹಿರಿಯ ಕಲಾವಿದರ ಹತ್ತಿರ ಕೂತು ಕೇಳುವ ಶಿಕ್ಷಕರು, ಪತ್ರಕರ್ತರು, ವಿದ್ಯಾರ್ಥಿಗಳು ಅವರ ಮಾತನ್ನು ಅವರದೇ ಜವಾರಿ ಕನ್ನಡದಲ್ಲಿ ಬರೆದುಕೊಳ್ಳಲಿ. ಹೇಳಿದವರ ಹೆಸರು, ಊರು, ಹೇಳಿದ ದಿನಾಂಕ ಗುರುತಿಸಲಿ. ಧ್ವನಿಮುದ್ರಣವನ್ನು ಅಳಿಸದೆ ತಾಲ್ಲೂಕಿನ ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ಒಂದು ಪ್ರತಿ ಇಡಲಿ.