ಆಯಾಳ ಸಂಬಳದ ತೆರಿಗೆ ಮತ್ತು ಟೆಕ್ಸಾಸಿನ ಯಜಮಾನಿಯರು



ಮಗು ನೋಡ್ಕೊಳ್ಳೋ ಆಯಾಗೆ ಪಿಎಫ್ ಯಾಕಿಲ್ಲ ಅಂತ ಕೇಳಿದ್ರೆ ನಮ್ಮಲ್ಲಿ ಬರೋ ಮೊದಲ ಉತ್ತರ: "ಅವಳು ನಮ್ಮನೆ ಮಗಳ ಥರ." (ಮಗಳಿಗೆ ಬೇರೆ ಲೋಟ ಯಾಕೆ ಅಂತ ಮಾತ್ರ ಕೇಳಬಾರದು.) ಈ ವಿಷಯದಲ್ಲಿ ಅಮೆರಿಕದ ಒಂದು ಕತೆ ನಮಗೆ ಗೊತ್ತಿರಬೇಕು.

1935ರಲ್ಲಿ ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಂತು. ದುಡಿಯೋರು, ಮಾಲೀಕರು ಇಬ್ಬರೂ ತೆರಿಗೆ ಕಟ್ಟಬೇಕು, ಮುಪ್ಪಿನಲ್ಲಿ ಪಿಂಚಣಿ ಸಿಗುತ್ತೆ. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಕಪ್ಪು ದುಡಿಮೆಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದ್ದದ್ದೇ ಈ ಎರಡು ಕೆಲಸಗಳಲ್ಲಿ. ಮನೆಮನೆಯಿಂದ ವಸೂಲಿ ಕಷ್ಟ ಅಂತ ಕಾರಣ ಕೊಟ್ಟರು. ಎನ್‌ಎಎಸಿಪಿ ಪರವಾಗಿ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಸೆನೆಟ್ ಸಮಿತಿ ಮುಂದೆ ಹೋಗಿ, ಇದು ಕಪ್ಪುಜನ ಉದುರಿಹೋಗೋಕೆ ಸರಿಯಾದ ತೂತಿರೋ ಜರಡಿ ಅಂತ ಹೇಳಿದರು.

1950ರ ತಿದ್ದುಪಡಿ ಕಾಯಂ ಮನೆಗೆಲಸದವರನ್ನು ಒಳಗೆ ತಂದಿತು. 1951ರಿಂದ ಕೆಲಸದವಳ ಸಂಬಳದಲ್ಲಿ ಶೇ. 1.5, ಮನೆಯವರ ಕೈಯಿಂದ ಶೇ. 1.5. ಅಷ್ಟೇ. ಅಷ್ಟಕ್ಕೇ ಟೆಕ್ಸಾಸಿನ ಮಾರ್ಷಲ್ ಎಂಬ ಊರಿನ ಗೃಹಿಣಿಯರು ತಿರುಗಿಬಿದ್ದರು. ಈ ಊರಿರೋದು ಹ್ಯಾರಿಸನ್ ಕೌಂಟಿಯಲ್ಲಿ. ಗುಲಾಮಗಿರಿಯ ಕಾಲದಲ್ಲಿ ಇಡೀ ಟೆಕ್ಸಾಸಲ್ಲೇ ಅತಿ ಹೆಚ್ಚು ಗುಲಾಮರಿದ್ದ ಜಾಗಗಳಲ್ಲಿ ಒಂದು. ತೆರಿಗೆ ಹಿಡಿಯಲ್ಲ, ಲೆಕ್ಕ ಬರೆಯಲ್ಲ ಅಂದ್ರು, ಕೋರ್ಟಿಗೂ ಹೋದ್ರು. ಅಲ್ಲಿ ಅವರ ಒಂದು ವಾದ ಏನು ಗೊತ್ತಾ? ಸರ್ಕಾರಕ್ಕಾಗಿ ತೆರಿಗೆ ವಸೂಲಿ ಮಾಡಿಸೋದು ನಮ್ಮನ್ನು ಬಲವಂತದ ಜೀತಕ್ಕೆ ಹಚ್ಚಿದ ಹಾಗೆ, ಸಂವಿಧಾನದ 13ನೇ ತಿದ್ದುಪಡಿಗೆ ವಿರುದ್ಧ! ಗುಲಾಮಗಿರಿ ರದ್ದು ಮಾಡೋಕೆ 1865ರಲ್ಲಿ ಬಂದ ತಿದ್ದುಪಡಿ ಅದು. ಅಡುಗೆಮನೆಯಲ್ಲಿ ಕಪ್ಪು ಹೆಂಗಸನ್ನು ದುಡಿಸಿಕೊಳ್ತಾ, ಜೀತದಾಳು ನಾನೇ ಅಂದ ಯಜಮಾನಿ. ನಾನಿದನ್ನ ಎರಡು ಸಲ ಓದಿದೆ. 1953ರಲ್ಲಿ ಆಬ್ನಿ ವಿರುದ್ಧ ಕ್ಯಾಂಪ್‌ಬೆಲ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಈ ವಾದವನ್ನು ತಳ್ಳಿಹಾಕಿತು.

ಕಾನೂನು ಗೆದ್ದರೂ ಕಳ್ಳಾಟ ನಿಲ್ಲಲಿಲ್ಲ. 1993ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ಕ್ಲಿಂಟನ್ ಆರಿಸಿದ್ದ ಜೊಯಿ ಬೇರ್ಡ್ ಹಿಂದೆ ಸರಿಯಬೇಕಾಯ್ತು; ದಾಖಲೆ ಇಲ್ಲದ ಆಯಾಳನ್ನು ಇಟ್ಟುಕೊಂಡಿದ್ದರು, ಆ ತೆರಿಗೆಯನ್ನೂ ಕಟ್ಟಿರಲಿಲ್ಲ. ಆಯಾ ತೆರಿಗೆ ಅಲ್ಲಿ ಮಂತ್ರಿಗಿರಿಯನ್ನೇ ಕಿತ್ತುಕೊಂಡಿತು.

ಇಲ್ಲಿ? ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು. ಆದರೆ ಕಾನೂನಿನ ಪ್ರಕಾರ ಪಿಎಫ್ ಕಡ್ಡಾಯ ಆಗೋಕೆ 20 ಜನ ದುಡಿಯೋ ಸಂಸ್ಥೆ ಬೇಕು, ಇಎಸ್‌ಐಗೆ 10 ಜನ. ನಮ್ಮ ಅಕ್ಕಂದಿರು ಒಂದೊಂದು ಮನೆಯಲ್ಲಿ ಒಬ್ಬೊಬ್ಬರೇ ದುಡೀತಾರೆ.