ಹೊಸ ಬಣ್ಣದ ಹಳೇ ಗೇಮುಗಳು: ಪ್ರಿನ್ಸ್, ಲಾರಾ ಮತ್ತು ಖಾನಾಪುರದ ಮಂಜು

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಬ್ಬ ರಾಜಕುಮಾರ ಮಾತ್ರ ಇದ್ದಾನೆ, ಅವನೂ ಕಂಪ್ಯೂಟರ್ ಒಳಗೆ.

ಹೋದ ದೀಪಾವಳಿಗೆ ಖಾನಾಪುರದ ಕಾಕಾನ ಮನೆಗೆ ಹೋಗಿದ್ದೆ. ಲ್ಯಾಪ್‌ಟಾಪ್‌ನಲ್ಲಿ 'ಟೂಂಬ್ ರೇಡರ್' ಹಳೇ ಮೂರು ಆಟಗಳ ರಿಮಾಸ್ಟರ್ ಹಾಕ್ಕೊಂಡು ಹೋಗಿದ್ದೆ. ಕಾಕಾನ ಮಗ, ನಮ್ಮಣ್ಣ, ಈಗ ಪುಣೆಯಲ್ಲಿ ಕೆಲಸ ಮಾಡ್ತಾನೆ. ಗೇಮ್ ಆಡೋದು ಅಂದ್ರೆ ಏನು ಅಂತ ನನಗೆ ಕಲಿಸಿದವನೇ ಅವನು. ಆಗ ಅವನು ಕೀಬೋರ್ಡ್ ಹಿಡೀತಿದ್ದ, ನಾನು ಬಾಜೂಕ ಸ್ಟೂಲ್ ಮೇಲೆ ಕೂತು ಇಂಗ್ಲಿಷ್ ಓದಿ ಹೇಳ್ತಿದ್ದೆ. ನನಗೂ ಅರ್ಧ ತಿಳೀತಿರಲಿಲ್ಲ, ಅದು ಬೇರೆ ಮಾತು.

ಮೊದಲು ಎರಡು ಶಬ್ದ ಬಿಡಿಸಿ ಹೇಳ್ತೀನಿ. ರಿಮಾಸ್ಟರ್ ಅಂದ್ರೆ ಹಳೇ ಆಟದ ಎಲುಬು ಹಂಗೇ ಇಟ್ಟು ಮೇಲಿನ ಚಿತ್ರ, ಧ್ವನಿ ಹೊಸದು ಮಾಡೋದು. ರಿಮೇಕ್ ಅಂದ್ರೆ ಬುನಾದಿಯಿಂದಲೇ ಮತ್ತೆ ಕಟ್ಟೋದು. ಎರಡಕ್ಕೂ ಒಂದು ವಸ್ತು ಬೇಕೇ ಬೇಕು: ಹಳೇದು ಎಲ್ಲೋ ಉಳಿದಿರಬೇಕು.

ಅದು ಎಷ್ಟು ಕಷ್ಟ ಅಂತ 'ಪ್ರಿನ್ಸ್ ಆಫ್ ಪರ್ಶಿಯಾ' ಕಥೆ ಕೇಳ್ರಿ. ಜೋರ್ಡನ್ ಮೆಕ್ನರ್ ಅನ್ನೋ ಹುಡುಗ ತನ್ನ ತಮ್ಮ ಓಡೋದು, ಜಿಗಿಯೋದು ವಿಡಿಯೋ ಮಾಡಿ, ಒಂದೊಂದೇ ಫ್ರೇಮ್ ನೋಡಿ ಬರೆದು ಆ ರಾಜಕುಮಾರನಿಗೆ ಜೀವ ಕೊಟ್ಟ. 1989ರಲ್ಲಿ ಆಪಲ್ 2 ಕಂಪ್ಯೂಟರ್‌ಗೆ ಆಟ ಬಂತು. ನಮ್ಮಲ್ಲಿ ಎಷ್ಟೋ ಜನ ಅದರ ಡಾಸ್ ಆವೃತ್ತಿಯನ್ನು ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ, ಸರ್ ಹೊರಗೆ ಹೋದಾಗ ಆಡಿದವರು. ರಾಜಕುಮಾರಿಯನ್ನ ಬಿಡಿಸೋಕೆ 60 ನಿಮಿಷ. ನಮ್ಮ ಪಿರಿಯಡ್ ಅದಕ್ಕಿಂತ ಸಣ್ಣದು!

ಆದ್ರೆ ಅದರ ಮೂಲ ಸೋರ್ಸ್ ಕೋಡ್ ಬರೆದವನ ಹತ್ತಿರವೇ ಇರಲಿಲ್ಲ. 2012ರಲ್ಲಿ ಅವರಪ್ಪ ಮನೆಯ ಕಪಾಟಿನ ಒಂದು ಡಬ್ಬಿಯಲ್ಲಿ ಹಳೇ ಫ್ಲಾಪಿಗಳನ್ನ ಕಂಡರು. ಹಳೇ ಕಂಪ್ಯೂಟರ್ ಬಲ್ಲವರು ಸೇರಿ ಅದನ್ನ ಓದಿಸಿದರು, ಮೆಕ್ನರ್ ಅದನ್ನ ಎಲ್ಲರೂ ನೋಡಲಿ ಅಂತ ಗಿಟ್‌ಹಬ್‌ನಲ್ಲಿ ಹಾಕಿದ. ಅಪ್ಪ ಆ ಡಬ್ಬಿಯನ್ನ ರದ್ದಿಗೆ ಹಾಕಿದ್ದರೆ ಆ ಕಥೆ ಅಲ್ಲಿಗೇ ಮುಗೀತಿತ್ತು.

ಅದೇ ರಾಜಕುಮಾರ ಮುಂದೆ ನಮ್ಮ ಕಡೆ ಬಂದ. 2003ರ 'ಸ್ಯಾಂಡ್ಸ್ ಆಫ್ ಟೈಮ್' ಆಟದ ರಿಮೇಕ್ ಅನ್ನು ಯೂಬಿಸಾಫ್ಟ್ ಕಂಪನಿ 2020ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಮಾಡೋರು ಯಾರು? ಕಂಪನಿಯ ಪುಣೆ ಮತ್ತು ಮುಂಬೈ ಸ್ಟುಡಿಯೋ. ಕೊಲ್ಹಾಪುರ, ಸಾತಾರಾ ದಾಟಿದ್ರೆ ಪುಣೆ. ಬೆಳಗಾವಿ ಹುಡುಗರು ಕೆಲಸ ಹುಡುಕ್ಕೊಂಡು ಹೋಗೋ ಊರು. ಆ ಸುದ್ದಿ ಬಂದ ರಾತ್ರಿ ಅಣ್ಣ ಫೋನ್ ಮಾಡಿ, "ಏ, ನಮ್ಮ ಬಾಜೂ ಊರಾಗ ಪ್ರಿನ್ಸ್ ತಯಾರಾಗಾಕತ್ಯಾನ" ಅಂದಿದ್ದ.

ಟ್ರೇಲರ್ ನೋಡಿ ಜಗತ್ತು ನಕ್ಕಿತು. ಚಿತ್ರ ಹಳೇದಾಗಿ ಕಾಣ್ತದೆ ಅಂದರು. 2021ರ ಜನವರಿಗೆ ಬರಬೇಕಿದ್ದದ್ದು ಮುಂದೆ ಹೋಯ್ತು, 2022ರಲ್ಲಿ ಕೆಲಸ ಕೆನಡಾದ ಮಾಂಟ್ರಿಯಲ್‌ಗೆ ಹೋಯ್ತು, 2026ರ ಜನವರಿಯಲ್ಲಿ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ನಮ್ಮ ಕಡೆಯವರ ವರ್ಷಗಟ್ಟಲೆ ಕೆಲಸ, ನಾವು ಒಂದು ಸಲನೂ ಆಡದೇ ಹೋಯ್ತು.

ಇನ್ನು ಬಂದ ರಿಮಾಸ್ಟರ್‌ಗಳೆಲ್ಲ ಚಲೋನೂ ಅಲ್ಲ. 'ಜಿಟಿಎ ಸ್ಯಾನ್ ಆಂಡ್ರಿಯಾಸ್' ಗೊತ್ತಿಲ್ಲದವರು ಯಾರಿದ್ದೀರಿ? 2004ರ ಆ ಆಟದಲ್ಲಿ ದೂರದ ಊರುಗಳು ಮಂಜಿನಲ್ಲಿ ಮುಚ್ಚಿರ್ತಿದ್ದವು. ಪ್ಲೇಸ್ಟೇಷನ್ 2ಕ್ಕೆ ಅಷ್ಟು ದೂರದ್ದು ಒಮ್ಮೆಗೇ ತೋರಿಸೋ ಶಕ್ತಿ ಇರಲಿಲ್ಲ, ಅದಕ್ಕೇ ಮಂಜು. 2021ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿ ಆ ಮಂಜು ತೆಗೀತು. ಆಗ ಏನಾಯ್ತು? ಮೂರು ದೊಡ್ಡ ನಗರಗಳು ಒಂದೇ ನೋಟಕ್ಕೆ ಸಿಕ್ಕು, ಇಡೀ ರಾಜ್ಯ ಅಂಗೈಯಷ್ಟಾಗಿ ಕಾಣ್ತು.

ಜುಲೈನಲ್ಲಿ ಜಾಂಬೋಟಿ ಕಡೆಯಿಂದ ಚೋರ್ಲಾ ಘಾಟಿಗೆ ಹೋದವರಿಗೆ ಇದು ತಿಳೀತದೆ. ಮಂಜಿನಾಗ ಆ ದಾರಿ ಮುಗಿಯೋದೇ ಇಲ್ಲ ಅನಸ್ತದೆ. ಏಪ್ರಿಲ್‌ನಲ್ಲಿ ಹೋದ್ರೆ, "ಇಷ್ಟೇನಾ?"

ಚಿತ್ರ ಕೆಡ್ತು ಅನ್ನೋದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಹೊಸದು ಬರೋ ಮುಂಚೆ, ಅಕ್ಟೋಬರ್‌ನಲ್ಲೇ ಕಂಪನಿ ಹಳೇ ಆಟಗಳನ್ನ ಆನ್‌ಲೈನ್ ಅಂಗಡಿಗಳಿಂದ ತೆಗೆದಿತ್ತು. ಜನ ಬೈದ ಮೇಲೆ ಕ್ಷಮೆ ಕೇಳಿ ಪಿಸಿಗೆ ಹಳೇದು ವಾಪಸ್ ಕೊಟ್ಟರು. ಮಂಜೂ ಆಮೇಲೆ ಅಪ್‌ಡೇಟ್‌ನಲ್ಲಿ ತಿರುಗಿ ಬಂತು.

ನಾನು ಬಿ.ಕಾಂ. ಓದಿದವನು. ಅಕೌಂಟ್ಸ್‌ನಲ್ಲಿ ಮೊದಲ ಪಾಠ: ತಪ್ಪಾದ ಎಂಟ್ರಿಯನ್ನ ಅಳಿಸಬಾರದು, ಕೆಳಗೆ ತಿದ್ದುಪಡಿ ಎಂಟ್ರಿ ಹಾಕಬೇಕು. ಅಳಿಸಿದ್ರೆ ಲೆಕ್ಕ ಸರಿಯಾಗಿ ಕಾಣಬಹುದು, ಆದ್ರೆ ಏನಾಗಿತ್ತು ಅನ್ನೋದು ಹೋಗಿಬಿಡ್ತದೆ.

ಆ ಪಾಠ ಪಾಲಿಸಿದ್ದು ಲಾರಾ ಕ್ರಾಫ್ಟ್ ರಿಮಾಸ್ಟರ್, 2024ರ ಫೆಬ್ರವರಿಯದ್ದು. ಒಂದು ಬಟನ್ ಒತ್ತಿದ್ರೆ ಹೊಸ ಚಿತ್ರ, ಮತ್ತೆ ಒತ್ತಿದ್ರೆ ಹಳೇ ಚೌಕ ಚೌಕ ಚಿತ್ರ. 1998ರ ಮೂರನೇ ಆಟ ಶುರುವಾಗೋದೇ ಭಾರತದಲ್ಲಿ. ಕಾಡು, ಹುಲಿ, ಮಂಗ, ಹಾಳುಬಿದ್ದ ಗುಡಿ. ಆ ಗುಡಿಯಲ್ಲಿ ಆರು ಕೈಯ ವಿಗ್ರಹ ಕತ್ತಿ ಹಿಡಿದು ಮೈಮೇಲೆ ಬರ್ತದೆ! ಇಂಗ್ಲೆಂಡಿನ ಡರ್ಬಿ ಊರಿನವರು ಊಹಿಸಿದ ಭಾರತ ಅದು. ಖಾನಾಪುರ ತಾಲೂಕಿನಲ್ಲೂ ಭೀಮಗಡದ ಕಾಡೈತಿ, ಅಪರೂಪದ ಬಾವಲಿ ಇರೋ ಬಾರಾಪೇಡೆ ಗುಹೆಗಳವ, ಹಲಸಿಯಲ್ಲಿ ಕದಂಬರ ಕಾಲದ ಗುಡಿಗಳವ. ಹಲಸಿ ಗುಡಿಗೆ ಹೋದ್ರೆ ಮೈಮೇಲೆ ಯಾರೂ ಬರಂಗಿಲ್ಲ, ಪ್ರಸಾದ ಸಿಗಬಹುದು.

ರಿಮಾಸ್ಟರ್ ಮಾಡಿದವರು ಇದನ್ನ ಮುಚ್ಚಿಡಲಿಲ್ಲ. ಇದರಲ್ಲಿ ಜನಾಂಗಗಳ ಬಗ್ಗೆ ತಪ್ಪು ಚಿತ್ರಣ ಇದೆ, ಆದ್ರೂ ತೆಗೀದೇ ಇಟ್ಟಿದ್ದೀವಿ ಅಂತ ಶುರುವಿನಲ್ಲೇ ಬರೆದು ತೋರಿಸ್ತಾರೆ. ನನಗದು ಸರಿ ಅನಿಸ್ತು. ತಿದ್ದಿಬಿಟ್ಟಿದ್ರೆ 1998ರಲ್ಲಿ ಹೊರಗಿನವರು ನಮ್ಮನ್ನ ಹೆಂಗ ನೋಡ್ತಿದ್ರು ಅನ್ನೋದಕ್ಕೆ ಸಾಕ್ಷಿ ಎಲ್ಲಿಂದ ತರೋದು?

ಇಂಥ ಅದೃಷ್ಟ ಸ್ವಲ್ಪ ಆಟಗಳಿಗೇ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ತೆಗೆದು ಹೇಳ್ತು: 2010ಕ್ಕಿಂತ ಮುಂಚೆ ಆ ದೇಶದಲ್ಲಿ ಬಂದ ಗೇಮುಗಳಲ್ಲಿ ಶೇ 87ರಷ್ಟು ಇವತ್ತು ಅಂಗಡಿಯಲ್ಲಿ ಸಿಗೋದಿಲ್ಲ.

ಈಗ ನಮ್ಮ ಮಾತು. ಒಪ್ಪಿಕೊಂಡೇ ಬಿಡ್ತೀನಿ, ನಾವು ಆಡಿದ ಸಿಡಿ ಪೈರೇಟೆಡ್. ಬೆಳಗಾವಿ ಪೇಟೆಯಲ್ಲಿ ತಗೊಂಡದ್ದು, ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು. ಮಾಡಿದವರಿಗೆ ಒಂದು ಪೈಸೆ ಹೋಗಲಿಲ್ಲ, ಅದು ತಪ್ಪೇ. ಆದ್ರೆ ನಮ್ಮ ಊರಿನ ಗೇಮ್ ಇತಿಹಾಸ ಇರೋದು ಅಲ್ಲೇ. ತಾಸಿಗಿಷ್ಟು ಅಂತ ಕೊಡ್ತಿದ್ದ ಸೈಬರ್ ಕೆಫೆಯಲ್ಲಿ, ಮಳೆಗಾಲದಲ್ಲಿ ಸೇವ್ ಮಾಡೋ ಮುಂಚೆ ಹೋಗ್ತಿದ್ದ ಕರೆಂಟಿನಲ್ಲಿ. ಇದನ್ನ ಯಾವ ಕಂಪನಿಯೂ ರಿಮಾಸ್ಟರ್ ಮಾಡೋದಿಲ್ಲ.

ದೀಪಾವಳಿ ರಾತ್ರಿ ಅಣ್ಣ ಲಾರಾನ್ನ ಹತ್ತು ನಿಮಿಷ ಹೊಸ ಚಿತ್ರದಲ್ಲಿ ಆಡಿದ. ಆಮೇಲೆ ಬಟನ್ ಒತ್ತಿ ಹಳೇದಕ್ಕೆ ಹೋದ, ಮತ್ತೆ ಹೊಸದಕ್ಕೆ ಬರಲೇ ಇಲ್ಲ. "ನಮ್ಮ ಹಳೇ ಕಂಪ್ಯೂಟರ್ ಏನಾತೋ ಅಣ್ಣಾ?" ಅಂತ ಕೇಳಿದೆ.

"ರದ್ದಿಯಾಂವಗ ಕೊಟ್ಟೇವ ತಮ್ಮಾ. ಹಾರ್ಡ್‌ಡಿಸ್ಕ್ ಸುದ್ದಾ ತಗದಿಡಲಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅದರಾಗ ಅಪ್ಪನ ಫೋಟೋನೂ ಇದ್ದುವು" ಅಂದ.

ಕಾಕಾ ಹೋಗಿ ಆರು ವರ್ಷ ಆಯ್ತು. ಇಬ್ಬರೂ ಸುಮ್ಮನೆ ಆಟ ನೋಡಿದ್ವಿ.

ಹಿಂಗಾಗಿ ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆ ಅಟ್ಟದ ಮೇಲೆ ಹಳೇ ಸಿಪಿಯು, ಸಿಡಿ ಪೌಚ್ ಇದ್ರೆ ಈ ಭಾನುವಾರ ಇಳಿಸ್ರಿ. ಒಳಗಿನದು ಕಾಪಿ ಮಾಡ್ಕೊಳ್ರಿ. ನಿಮ್ಮ ಓಣಿಯಲ್ಲಿ ಸೈಬರ್ ಕೆಫೆ ನಡೆಸಿದವರಿದ್ರೆ ಹೋಗಿ ಮಾತಾಡಿಸ್ರಿ, ಫೋನ್‌ನಲ್ಲಿ ರೆಕಾರ್ಡ್ ಮಾಡ್ರಿ. ನನಗೆ ಕಳಿಸಿದ್ರೆ ಮುಂದಿನ ಎಪಿಸೋಡ್ ಅದೇ ಆಗ್ತದೆ.

ಸಿಗೋಣ್ರಿ. ಸೇವ್ ಮಾಡೋದು ಮರೀಬ್ಯಾಡ್ರಿ.