ರಟ್ಟಿನ ಮೇಲಿನ ದೇವತೆ

ಗುಡೂರು, ಇಳಕಲ್, ಗುಳೇದಗುಡ್ಡದ ಕಡೆ ಕಂಪನಿ ನಾಟಕ ನೋಡಿ ಬೆಳೆದವರಿಗೆ ಈ ವಿಚಿತ್ರ ಹೊಸದಲ್ಲ. ಸೀತೆಯಾಗಿ ನಿಂತ ನಟಿಗೆ ಕೈಮುಗಿದ ಜನವೇ, ಬಣ್ಣ ತೊಳೆದು ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲು ಹಾಕ್ತಿದ್ರು. ಪುರಾಣದ ಸೀರೆ ಒಂಥರಾ ಪಾಸ್‌ಪೋರ್ಟು. ಪರದೆ ಬೀಳೋವರೆಗೆ ಮಾತ್ರ.

ಇದನ್ನೇ ವ್ಯಾಪಾರಕ್ಕೆ ಹಚ್ಚಿದವರು ಅಮೆರಿಕದ ಸಿಗರೇಟು ಕಂಪನಿಗಳು. 1880ರ ದಶಕದಲ್ಲಿ ಸಿಗರೇಟು ಮೆತ್ತನೆಯ ಕಾಗದದ ಪ್ಯಾಕಿನಲ್ಲಿ ಬರ್ತಿತ್ತು. ಮುರಿಯದಿರಲಿ ಅಂತ ಒಳಗೊಂದು ರಟ್ಟಿನ ತುಂಡು. ಬೋನ್ಸಾಕ್ ಯಂತ್ರ ಬಂದು ರಾಶಿಗಟ್ಟಲೆ ಸಿಗರೇಟು ತಯಾರಾಗತೊಡಗಿದಾಗ ಗಿರಾಕಿಯನ್ನು ಹಿಡಿದಿಡಲು ಏನಾದರೂ ಬೇಕಿತ್ತಲ್ಲ? ಆ ರಟ್ಟಿನ ಮೇಲೆ ನಾಟಕದ ನಟಿಯರ ಫೋಟೋ ಬಂತು. ಡ್ಯೂಕ್, ಕಿನ್ನಿ, ಅಲೆನ್ ಅಂಡ್ ಗಿಂಟರ್, ಯಾರೂ ಹಿಂದೆ ಬೀಳಲಿಲ್ಲ. ಬಬಲ್ ಗಮ್ ಜೊತೆ ಸಿಗ್ತಿದ್ದ ಕ್ರಿಕೆಟ್ ಕಾರ್ಡು ನೆನಪಿದೆಯಾ? ಅದರ ಮುತ್ತಜ್ಜಿ ಇದು.

ನಟಿಯರು ನಿಂತ ಭಂಗಿ ನೋಡಿ: ನೆರಿಗೆ ನೆರಿಗೆಯ ಬಿಳಿ ಗ್ರೀಕ್ ಉಡುಪು, ಕೈಯಲ್ಲಿ ಲೈರ್ ಎಂಬ ತಂತಿವಾದ್ಯ, ಪಕ್ಕದಲ್ಲಿ ಸ್ಟುಡಿಯೋದ ಸುಳ್ಳು ಕಲ್ಲುಕಂಬ. ಬರಿ ತೋಳು ತೋರಿಸಿದರೆ ಅಶ್ಲೀಲ. ಗ್ರೀಕ್ ದೇವತೆ ಅಂದುಬಿಟ್ಟರೆ ಕಲೆ! ಆ ಕಾಲದ ತಾರೆ ಮೇರಿ ಆಂಡರ್ಸನ್‌ಗೆ ಹೆಸರು ತಂದ ಪಾತ್ರಗಳಲ್ಲೊಂದು ಗಲಾಟಿಯಾ, ಶಿಲ್ಪಿ ಕಡೆದ ಕಲ್ಲಿನಿಂದ ಜೀವ ತಳೆದು ಬರುವ ಹೆಣ್ಣು. ಕಾರ್ಡು ಮಾಡಿದ್ದು ಉಲ್ಟಾ ಕೆಲಸ: ಜೀವಂತ ಹೆಣ್ಣನ್ನು ಶಿಲ್ಪವಾಗಿಸಿ ಜೇಬಿಗಿಳಿಸಿತು. ದೇವತೆಯ ವೇಷಕ್ಕೆ ಎಲ್ಲರೂ ಮರುಳಾಗಲಿಲ್ಲ. 1894ರಲ್ಲಿ ವಾಷಿಂಗ್ಟನ್ ಡ್ಯೂಕ್, ಕಂಪನಿ ನಡೆಸುತ್ತಿದ್ದ ಸ್ವಂತ ಮಗನಿಗೇ ಕಾಗದ ಬರೆದು, ಸಿಗರೇಟಿನ ಜೊತೆ ಇಂಥ ಕಾಮುಕ ಚಿತ್ರ ಹಂಚೋದು ತಪ್ಪು ಎಂದ.

ನನ್ನನ್ನು ಹೆಚ್ಚು ಕಾಡೋದು ಬೇರೆ ಸಂಗತಿ. ಎಷ್ಟೋ ಕಾರ್ಡುಗಳಲ್ಲಿ ಕಂಪನಿಯ ಹೆಸರಿದೆ, ನಟಿಯ ಹೆಸರೇ ಇಲ್ಲ.

ನಮ್ಮಲ್ಲಿ ಈ ಕಥೆ ಕಡ್ಡಿಪೆಟ್ಟಿಗೆಯ ಮೇಲೆ ನಡೀತು. ಗಾಯಕಿ ಗೌಹರ್ ಜಾನ್‌ಳ ಚಿತ್ರ ಹೊತ್ತ ಕಡ್ಡಿಪೆಟ್ಟಿಗೆ ಆಸ್ಟ್ರಿಯಾದಲ್ಲಿ ತಯಾರಾಗ್ತಿತ್ತು. ಆದರೆ ಈಕೆ ಹೆಸರಿಲ್ಲದ ಮುಖವಾಗಿ ಉಳಿಯಲಿಲ್ಲ. 1902ರಿಂದ ಧ್ವನಿಮುದ್ರಿಸಿದ ಹಾಡುಗಳ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳ್ತಿದ್ದಳು. ರೆಕಾರ್ಡು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ; ಲೇಬಲ್ ಅಂಟಿಸುವವರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಕೊನೆಗಾಲದಲ್ಲಿ, 1928ರಲ್ಲಿ, ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದಳು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು.

ನಮ್ಮ ಜಿಲ್ಲೆಯ ಬೀಳಗಿಯ ಗೋಹರ್‌ಬಾಯಿ ಬೇರೆ, ಗೊಂದಲ ಬೇಡ. ಸ್ತ್ರೀಪಾತ್ರಕ್ಕೇ ಹೆಸರಾದ ಬಾಲಗಂಧರ್ವರ ಮರಾಠಿ ಕಂಪನಿಯಲ್ಲಿ ನಟಿಸಿದಾಕೆ ಈಕೆ. ತಂಗಿ ಅಮೀರ್‌ಬಾಯಿ ಮುಂಬೈ ಸಿನಿಮಾದಲ್ಲಿ ಹಾಡಿದಳು. ಅಡ್ಡಹೆಸರಿನ ಜಾಗದಲ್ಲಿ ಅಕ್ಕತಂಗಿಯರಿಬ್ಬರೂ ಬರೆಸಿಕೊಂಡದ್ದು: ಕರ್ನಾಟಕಿ.